ಹಿತ್ತಾಳೆ ತಾಪತ್ರಯ ಮೀಮಾಂಸೆ

ಲೋಕದ ದುಃಖವೆಲ್ಲ ಮೂರೇ ಬಗೆ ಎಂದು ಸಾಂಖ್ಯರು ತೀರ್ಮಾನಿಸಿದ್ದಾರೆ. ತನ್ನ ಮೈಮನಸ್ಸಿನಿಂದಲೇ ಹುಟ್ಟುವುದು ಆಧ್ಯಾತ್ಮಿಕ. ಇತರ ಜೀವಿಗಳಿಂದ ಬರುವುದು ಆಧಿಭೌತಿಕ. ಯಾರ ಕೈಯಲ್ಲೂ ಇಲ್ಲದೆ ಸೃಷ್ಟಿನಿಯಮದಿಂದಲೇ ಬಂದೊದಗುವುದು ಆಧಿದೈವಿಕ. ಇದನ್ನು ಬರೆದಿಟ್ಟವರು ಟ್ರಂಪೆಟ್ ಕಲಿಯುವವನನ್ನು ಕಂಡಿರಲಾರರು. ಕಂಡಿದ್ದರೆ ಒಂದಕ್ಕೆ ಜ್ವರ, ಇನ್ನೊಂದಕ್ಕೆ ಹಾವು ಚೇಳು, ಮತ್ತೊಂದಕ್ಕೆ ಸಿಡಿಲು ಎಂದು ಉದಾಹರಣೆ ಹುಡುಕಿಕೊಂಡು ಅಲೆಯುವ ಶ್ರಮ ಅವರಿಗೆ ತಪ್ಪುತ್ತಿತ್ತು. ಮೂರೂ ಒಬ್ಬನಲ್ಲೇ, ಒಂದೇ ಸಂಜೆ ಸಿಗುತ್ತಿದ್ದವು. ಆ ಕೊರತೆಯನ್ನು ತುಂಬುವುದೇ ಈ ಪ್ರಬಂಧದ ಪ್ರಯೋಜನ. ಇದನ್ನು ಓದಲು ಅಧಿಕಾರಿಗಳು ಯಾರೆಂದರೆ: ಮಗನಿಗೋ ಮಗಳಿಗೋ ಟ್ರಂಪೆಟ್ ಕೊಡಿಸಲು ಹೊರಟ ತಂದೆತಾಯಿಗಳು, ನಿವೃತ್ತಿಯಾದ ಮೇಲೆ ಏನಾದರೂ ಕಲಿಯೋಣವೆಂದಿರುವ ಬ್ಯಾಂಕ್ ನೌಕರರು, ಮತ್ತು ಇವರ ಮೇಲಿನ ಮಹಡಿಯಲ್ಲಿ ವಾಸವಾಗಿರುವವರು.

ಮೊದಲು ವಿಷಯ ನಿರ್ಣಯವಾಗಲಿ. ಹಿತ್ತಾಳೆ ವಾದ್ಯವೆಂದರೆ ಯಾವುದು? ಹಿತ್ತಾಳೆಯಿಂದ ಮಾಡಿದ್ದು ಎನ್ನುತ್ತಾರೆ ಪಾಮರರು. ಈ ಲಕ್ಷಣಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿ ಎರಡೂ ದೋಷಗಳು ತಗಲುತ್ತವೆ. ಅತಿವ್ಯಾಪ್ತಿಗೆ ಸ್ಯಾಕ್ಸೋಫೋನೇ ಸಾಕ್ಷಿ. ಬಂಟ್ವಾಳದ ಕಡೆಯ ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಅದನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡು ಮನಸೋತು, ವರ್ಷಗಟ್ಟಲೆ ಪಳಗಿಸಿ, ಕರ್ನಾಟಕ ಸಂಗೀತದ ಕಛೇರಿಗೆ ಹತ್ತಿಸಿದರು. ಅದರ ಮೈಯೆಲ್ಲ ಹಿತ್ತಾಳೆ. ಆದರೂ ಅದು ಈ ಕುಲದ್ದಲ್ಲ, ಯಾಕೆಂದರೆ ಅಲ್ಲಿ ನಡುಗುವುದು ಬಾಯೊಳಗಿನ ರೀಡು. ಅವ್ಯಾಪ್ತಿಗೆ ದಾಸಯ್ಯನ ಶಂಖ ಸಾಕ್ಷಿ. ಅದರಲ್ಲಿ ಗುಲಗಂಜಿ ತೂಕದ ಲೋಹವೂ ಇಲ್ಲ. ಆದರೂ 1914ರಲ್ಲಿ ಹಾರ್ನ್‌ಬೊಸ್ಟೆಲ್ ಮತ್ತು ಸಾಕ್ಸ್ ಎಂಬಿಬ್ಬರು ಪಂಡಿತರು ಜಗತ್ತಿನ ವಾದ್ಯಗಳಿಗೆಲ್ಲ ಗ್ರಂಥಾಲಯದ ದಶಮಾಂಶ ಪದ್ಧತಿಯಲ್ಲಿ ಅಂಕಿ ಹಚ್ಚಿದಾಗ ಶಂಖವೂ ಟ್ರಂಪೆಟ್ಟೂ 423 ಎಂಬ ಒಂದೇ ಮನೆಯಲ್ಲಿ ಕೂತವು. ಅವರಿಗಿಂತ ಆರು ಶತಮಾನಕ್ಕೂ ಹಿಂದೆ ನಮ್ಮ ಶಾರ್ಙ್ಗದೇವ ಸಂಗೀತರತ್ನಾಕರದಲ್ಲಿ ಕಹಳೆ, ಕೊಂಬು, ಶಂಖಗಳನ್ನು ಕೊಳಲಿನ ಜೊತೆಗೇ ಸುಷಿರವೆಂದು ಎಣಿಸಿ ಮುಂದೆ ಸಾಗಿದ್ದ. ತುಟಿಯ ಕಷ್ಟ ಅವನಿಗೆ ಬೇರೆ ಮನೆ ಕೊಡುವಷ್ಟು ದೊಡ್ಡದಾಗಿ ಕಂಡಿರಲಿಲ್ಲ; ಬಹುಶಃ ಊದುತ್ತಿದ್ದವರು ಬೇರೆಯವರು.

ಆದ್ದರಿಂದ ನಿರ್ದುಷ್ಟ ಲಕ್ಷಣ ಇದು: ಯಾವುದನ್ನು ಊದುವಾಗ ಊದುವವನ ತುಟಿಯೇ ನಡುಗಿ ನಾದ ಹುಟ್ಟುತ್ತದೋ ಅದೇ ಹಿತ್ತಾಳೆ ವಾದ್ಯ. ಕೊಳವೆ ಲೋಹದ್ದೋ, ಚಿಪ್ಪೋ, ಕೋಡೋ, ಆಸ್ಟ್ರೇಲಿಯಾದಲ್ಲಿ ಗೆದ್ದಲು ಕೊರೆದ ಮರವೋ ಎಂಬುದು ಗೌಣ. 1956ರಲ್ಲಿ ಲಂಡನ್ನಿನ ಹಾಫ್ನಂಗ್ ಸಂಗೀತೋತ್ಸವದಲ್ಲಿ ಆ ಕಾಲದ ಹೆಸರಾಂತ ಹಾರ್ನ್ ವಾದಕ ಡೆನ್ನಿಸ್ ಬ್ರೇನ್ ತೋಟಕ್ಕೆ ನೀರು ಹಾಯಿಸುವ ಪೈಪಿನಲ್ಲಿ ಲಿಯೊಪೋಲ್ಡ್ ಮೊಜಾರ್ಟ್‌ನ ಕೃತಿಯೊಂದನ್ನು ಊದಿ ಈ ಲಕ್ಷಣವನ್ನು ಪ್ರಯೋಗದಿಂದಲೇ ಸಿದ್ಧಪಡಿಸಿಕೊಟ್ಟಿದ್ದಾರೆ. ಕಲಿಯುವವನ ಸಕಲ ದುಃಖದ ಬೀಜವೂ ಈ ಲಕ್ಷಣದಲ್ಲೇ ಇದೆ. ವೀಣೆ ಕಲಿಯುವವನು ಅಂಗಡಿಯಿಂದ ವೀಣೆ ತರುತ್ತಾನೆ. ಟ್ರಂಪೆಟ್ ಕಲಿಯುವವನು ದುಡ್ಡು ಪೂರ್ತಿ ಕೊಟ್ಟರೂ ತರುವುದು ಅರ್ಧ ವಾದ್ಯವನ್ನು ಮಾತ್ರ; ಉಳಿದರ್ಧವನ್ನು ತನ್ನ ಮುಖದಲ್ಲೇ ಕಟ್ಟಿಕೊಳ್ಳಬೇಕು.

ಇನ್ನು ಆಧಿದೈವಿಕ. ಸಾಂಖ್ಯರ ಕ್ರಮದಲ್ಲಿ ಇದು ಕೊನೆಗೆ ಬಂದರೂ ನಾನು ಮೊದಲಿಗೆ ಎತ್ತಿಕೊಳ್ಳುತ್ತೇನೆ, ಮಿಕ್ಕೆರಡೂ ಇದರ ಹೊಟ್ಟೆಯಲ್ಲೇ ಹುಟ್ಟಿದವು.

ಹಾರ್ಮೋನಿಯಂನಲ್ಲಿ ಮನೆಗಳನ್ನು ಎಣಿಸಿದರೆ ಮೂವತ್ತರ ಮೇಲಾಗುತ್ತದೆ. ಟ್ರಂಪೆಟ್‌ನಲ್ಲಿ ಗುಂಡಿ ಮೂರೇ. ಅಂಗಡಿಯಲ್ಲಿ ನಿಂತು ಈ ಲೆಕ್ಕ ಹಾಕಿದವರೆಲ್ಲ ಮೋಸ ಹೋಗಿದ್ದಾರೆ. ಸಾಮಾನ್ಯ ಟ್ರಂಪೆಟ್ ಎಂದರೆ ಸುರುಳಿ ಬಿಡಿಸಿದಾಗ ಸುಮಾರು 1.48 ಮೀಟರ್ ಉದ್ದದ ಕೊಳವೆ. ನಮ್ಮ ಭಾಷೆಯಲ್ಲಿ ಅದರ ಶ್ರುತಿ ಕರಿ ಐದು. ಒಂದು ಗುಂಡಿಯನ್ನೂ ಒತ್ತದೆ ಸುಮ್ಮನೆ ಊದಿದರೆ ಬರಬೇಕಾದ ಸ್ವರ ಯಾವುದು? ಷಡ್ಜ ಬರಬಹುದು. ಪಂಚಮ ಬರಬಹುದು. ಮೇಲಿನ ಷಡ್ಜ, ಅದರಾಚೆಯ ಅಂತರ ಗಾಂಧಾರ, ಮತ್ತೆ ಪಂಚಮ, ಇನ್ನೂ ಮೇಲೆ ಇನ್ನೊಂದು ಷಡ್ಜ, ಎಲ್ಲವೂ ಅದೇ ಬರಿಗೈಯಲ್ಲಿ ಬರುತ್ತವೆ. ತಂಬೂರಿಯ ಮುಂದೆ ಕಣ್ಣು ಮುಚ್ಚಿ ಕೂತವರಿಗೆ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳಿಸುತ್ತದಲ್ಲ, ಇಲ್ಲಿರುವುದೂ ಅದೇ. ಈ ಸಾಲಿನಲ್ಲಿ ಏಳನೆಯದು ಮಾತ್ರ ವೇಷಧಾರಿ. ಕೈಶಿಕಿ ನಿಷಾದದ ಹಾಗೆ ಕಾಣಿಸಿಕೊಂಡು ಹಾರ್ಮೋನಿಯಂನ ನಿಷಾದಕ್ಕಿಂತ ಅರ್ಧ ಸ್ವರದ ಮೂರನೆಯ ಒಂದು ಭಾಗದಷ್ಟು ಕೆಳಗೆ ನಿಲ್ಲುತ್ತದೆ. ಬಲ್ಲವರು ಅದರ ತಂಟೆಗೆ ಹೋಗದೆ ಗುಂಡಿ ಒತ್ತಿ ಬೇರೆ ದಾರಿಯಿಂದ ನಿಷಾದಕ್ಕೆ ಬರುತ್ತಾರೆ. ಅರಿಯದವರು ಹೋಗುತ್ತಾರೆ, ಮತ್ತು ಮದುವೆಮನೆಯಲ್ಲಿ ಯಾರೋ ತಿರುಗಿ ನೋಡುತ್ತಾರೆ.

ಹೀಗೆ ಒಂದೇ ಬೆರಳಿಗೆ ಹಲವು ಸ್ವರಗಳು ಬಾಗಿಲು ತೆರೆದು ನಿಂತಿರುವಾಗ ಆರಿಸುವವರು ಯಾರು? ತುಟಿ. ತುಟಿಗೆ ಹೇಳುವವರು ಯಾರು? ಕಿವಿ. ಹಾರ್ಮೋನಿಯಂನಲ್ಲಿ ಗಾಂಧಾರದ ಮನೆ ಒತ್ತಿದರೆ ಕಿವುಡನಿಗೂ ಗಾಂಧಾರವೇ ಬರುತ್ತದೆ. ಇಲ್ಲಿ ಗಾಂಧಾರವನ್ನು ಊದುವ ಮೊದಲೇ ಮನಸ್ಸಿನಲ್ಲಿ ಹಾಡಿಕೊಂಡಿರಬೇಕು. ಇಲ್ಲದಿದ್ದರೆ ಪಕ್ಕದ ಪಂಚಮವೋ ಕೆಳಗಿನ ಷಡ್ಜವೋ, ಯಾರು ಬಾಗಿಲ ಬಳಿ ಇದ್ದಾರೋ ಅವರು ಬರುತ್ತಾರೆ. ನನ್ನ ಮಟ್ಟಿಗೆ ಇಡೀ ಶಾಸ್ತ್ರದ ತಿರುಳು ಇಲ್ಲಿದೆ. ಟ್ರಂಪೆಟ್ ಬರುವುದಿಲ್ಲ ಎಂದು ಗೋಳಾಡುವವರಲ್ಲಿ ಬಹುಪಾಲಿನವರಿಗೆ ಬಾರದಿರುವುದು ಹಾಡು. ಚಿಕ್ಕಂದಿನಲ್ಲಿ ಅಮ್ಮನ ಬಲವಂತಕ್ಕೆ ಸರಳೆ ವರಸೆ ಹಾಡಿ ಆಮೇಲೆ ತಪ್ಪಿಸಿಕೊಂಡ ಹುಡುಗ, ದುಬಾರಿ ವಾದ್ಯ ಕೊಂಡ ಇಂಜಿನಿಯರಿಗಿಂತ ಬೇಗ ದಡ ಸೇರುತ್ತಾನೆ.

ಗುಂಡಿಗಳ ವಿಚಾರ. ಅವು ಇತ್ತೀಚಿನವು. ಹೈಡನ್ 1796ರಲ್ಲಿ ಟ್ರಂಪೆಟ್‌ಗಾಗಿ ಪ್ರಸಿದ್ಧ ಕೃತಿಯನ್ನು ಬರೆದದ್ದು ಆಂಟನ್ ವೈಡಿಂಗರ್ ಎಂಬಾತ ಕೊಳವೆಯ ಮೈಗೆ ತೂತು ಕೊರೆದು ಮುಚ್ಚಳ ಕೂಡಿಸಿಕೊಂಡ ವಾದ್ಯಕ್ಕಾಗಿ. ಅದು 1800ರಲ್ಲಿ ವಿಯೆನ್ನಾದಲ್ಲಿ ಮೊದಲು ಕೇಳಿಸಿತು. ಸ್ಟೋಲ್ಜೆಲ್ ಮತ್ತು ಬ್ಲ್ಯೂಮೆಲ್ ಎಂಬ ಜರ್ಮನರು ಗುಂಡಿಯ ವಾಲ್ವಿಗೆ ಪೇಟೆಂಟ್ ಪಡೆದದ್ದು 1818ರಲ್ಲಿ. ಎರಡನೆಯ ಗುಂಡಿ ಅರ್ಧ ಸ್ವರ ಇಳಿಸುತ್ತದೆ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ. ಮೂರನ್ನೂ ಕೂಡಿಸಿದರೆ ಮೂರು ಸ್ವರ ಇಳಿಯಬೇಕು. ಇಳಿಯುವುದಿಲ್ಲ. ಒಂದೊಂದು ಗುಂಡಿಯೂ ಸೇರಿಸುವ ತುಂಡು ಕೊಳವೆಯನ್ನು ಅಳತೆ ಮಾಡಿದ್ದು ಬರಿಯ ವಾದ್ಯದ ಉದ್ದಕ್ಕೆ. ಮೂರನೆಯದನ್ನು ಒತ್ತಿದಾಗ ವಾದ್ಯವೇ ಉದ್ದವಾಗಿರುತ್ತದೆ, ಮೊದಲನೆಯದರ ತುಂಡು ಆ ಉದ್ದಕ್ಕೆ ಸಾಲುವುದಿಲ್ಲ, ಶ್ರುತಿ ಏರಿ ನಿಲ್ಲುತ್ತದೆ. ಇದಕ್ಕೆ ಪರಿಹಾರವಾಗಿ ಎಡಗೈ ಬೆರಳಿಗೆ ಒಂದು ಉಂಗುರ ಕೊಟ್ಟಿದ್ದಾರೆ. ಮೂರನೆಯ ಕೊಳವೆಯನ್ನು ಆ ಕ್ಷಣಕ್ಕೆ ಹೊರಗೆ ತಳ್ಳಿ, ಮರುಕ್ಷಣ ಒಳಗೆಳೆಯಬೇಕು. ಹೊಸಬರು ಆ ಉಂಗುರವನ್ನು ವಾದ್ಯ ಹಿಡಿಯಲು ಕೊಟ್ಟದ್ದೆಂದೇ ತಿಳಿದಿರುತ್ತಾರೆ.

ಟ್ರಂಪೆಟ್‌ನವನಿಗಿಂತ ಹಾರ್ನ್‌ನವನ ಪಾಡು ಕಷ್ಟ. ಅವನ ಕೊಳವೆ ಸುಮಾರು 3.7 ಮೀಟರ್. ಸ್ವರಗಳ ಏಣಿಯಲ್ಲಿ ಮೇಲೆ ಹೋದಂತೆ ಮೆಟ್ಟಿಲುಗಳು ಹತ್ತಿರವಾಗುತ್ತಾ ಹೋಗುತ್ತವೆ, ಅವನ ಸಂಗೀತವೆಲ್ಲ ಇರುವುದು ಆ ಇಕ್ಕಟ್ಟಿನಲ್ಲೇ. ಕೂದಲೆಳೆಯಷ್ಟು ತಪ್ಪಿದರೆ ಕಾಲು ಪಕ್ಕದ ಮೆಟ್ಟಿಲ ಮೇಲೆ ಬೀಳುತ್ತದೆ, ಸಭೆಗೆಲ್ಲ ಕೇಳುತ್ತದೆ. ದೊಡ್ಡ ದೊಡ್ಡ ವಾದ್ಯವೃಂದಗಳಲ್ಲೂ ಹಾರ್ನ್ ಒಡೆದ ಸದ್ದನ್ನು ಕೇಳದ ಶ್ರೋತೃ ಇಲ್ಲ.

ಟ್ರೊಂಬೋನ್ ಒಂದು ವಿಶೇಷ ಪ್ರಕರಣ. ಅದಕ್ಕೆ ಗುಂಡಿಯ ಗೊಡವೆಯಿಲ್ಲ, ಎಳೆದು ತಳ್ಳುವ ಕೊಳವೆಯಲ್ಲಿ ಏಳು ಸ್ಥಾನಗಳು. ಗುರುತು ಮಾತ್ರ ಒಂದಕ್ಕೂ ಇಲ್ಲ. ಗಮಕದ ನಾಡಿನವರಾದ ನಮಗೆ ಇದನ್ನು ಕಂಡರೆ ಆಸೆ ಹುಟ್ಟುವುದು ಸಹಜ. ಜಾರು ಗಮಕಕ್ಕೆಂದೇ ಹುಟ್ಟಿದಂತಿದೆ. ಲೆಕ್ಕ ಹಾಕಿ ನೋಡಿ: ಏಳು ಸ್ಥಾನಗಳ ನಡುವೆ ಆರು ಅರ್ಧ ಸ್ವರಗಳು. ಏಳನೆಯ ಸ್ಥಾನದಲ್ಲಿ ಷಡ್ಜ ಹಿಡಿದು ಜಾರುತ್ತ ಬಂದರೆ ಪ್ರತಿ ಮಧ್ಯಮಕ್ಕೆ ಕೊಳವೆ ಮುಗಿಯುತ್ತದೆ. ಪಂಚಮ ಕಣ್ಣೆದುರೇ ಇದ್ದರೂ ಅಖಂಡವಾಗಿ ಮುಟ್ಟುವಂತಿಲ್ಲ. ಇಷ್ಟು ನಿಖರವಾದ ಕ್ರೌರ್ಯವನ್ನು ಆಧಿದೈವಿಕವಲ್ಲದೆ ಬೇರೇನೆನ್ನಬೇಕು?

ಸೆಖೆಯ ತಾಪವನ್ನೂ ಇಲ್ಲೇ ಸೇರಿಸಬೇಕು. ಗಾಳಿ ಬೆಚ್ಚಗಾದರೆ ಶಬ್ದದ ವೇಗ ಏರುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್, ವೇಗ ಏರಿದರೆ ಶ್ರುತಿ ಏರುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಮಧ್ಯಾಹ್ನದ ಮೆರವಣಿಗೆಗೆ ಊದುವ ಬ್ಯಾಂಡ್ ಸೆಟ್ಟಿನವರು ಶ್ರುತಿ ಸರಿಮಾಡಿಕೊಂಡದ್ದು ಎಷ್ಟು ಹೊತ್ತಿಗೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇನ್ನು ಆಧ್ಯಾತ್ಮಿಕ. ಇದರ ಮುಖ್ಯ ಪೀಠ ಬಾಯಿಯ ಸುತ್ತಲಿನ ಒಂದು ಬಳೆಯಾಕಾರದ ಸ್ನಾಯು. ಉಣ್ಣಲು, ಶಿಳ್ಳೆ ಹೊಡೆಯಲು, ಮುತ್ತಿಡಲು ಎಂದು ಸೃಷ್ಟಿಕರ್ತ ಕೊಟ್ಟ ಇದಕ್ಕೆ ಟ್ರಂಪೆಟ್‌ನವರು ಹೊಸ ಕೆಲಸ ಹಚ್ಚಿದ್ದಾರೆ. ಸೆಕೆಂಡಿಗೆ 440 ಸಲ ತೆರೆದು ಮುಚ್ಚಿದರೆ ನಡುವಿನ ಒಂದು ಸ್ವರ. ತಾರಸ್ಥಾಯಿಯಲ್ಲಿ ಇನ್ನಷ್ಟು ಏರಿದರೆ ಒಂಬೈನೂರು ದಾಟುತ್ತದೆ. ಹೊಸಬನಿಗೆ ಮೇಲಿನ ಸ್ವರ ಬರುವುದಿಲ್ಲ. ಬಾರದಿದ್ದಾಗ ಅವನು ಮೌತ್‌ಪೀಸನ್ನು ತುಟಿಗೆ ಒತ್ತುತ್ತಾನೆ. ಒತ್ತಿದರೆ ಬರುತ್ತದೆ! ಇದೇ ಅನರ್ಥದ ಮೂಲ, ಯಾಕೆಂದರೆ ಒತ್ತಿದ ತುಟಿಗೆ ರಕ್ತ ಹರಿಯುವುದಿಲ್ಲ, ಸ್ವಲ್ಪ ಹೊತ್ತಿಗೆ ಮರಗಟ್ಟುತ್ತದೆ, ಮತ್ತೆ ಒತ್ತಬೇಕಾಗುತ್ತದೆ. ಸಾಲ ತೀರಿಸಲು ಸಾಲ ಮಾಡಿದವರಿಗೆ ಈ ನ್ಯಾಯವನ್ನು ಬಿಡಿಸಿ ಹೇಳಬೇಕಿಲ್ಲ. ನ್ಯೂ ಆರ್ಲಿಯನ್ಸ್‌ನ ಲೂಯಿ ಆರ್ಮ್‌ಸ್ಟ್ರಾಂಗ್ ಇಷ್ಟು ಒತ್ತಿ, ಇಷ್ಟು ಎತ್ತರಕ್ಕೆ ಊದಿದರೆಂದರೆ, ಆ ಬಳೆಸ್ನಾಯು ಹರಿಯುವ ವ್ಯಾಧಿಗೆ ವೈದ್ಯರು ಅವರ ಅಡ್ಡಹೆಸರನ್ನೇ ಇಟ್ಟು ‘ಸ್ಯಾಚ್‌ಮೋ ಸಿಂಡ್ರೋಮ್’ ಎಂದು ಕರೆಯುತ್ತಾರೆ. ಸ್ವರಕ್ಕೆ ಹೆಸರು ಬಂದವರುಂಟು, ರಾಗಕ್ಕೆ ಬಂದವರುಂಟು. ರೋಗಕ್ಕೆ ಹೆಸರು ಕೊಟ್ಟ ವಾದಕರು ವಿರಳ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಕೆನ್ನೆ ಉಬ್ಬಿಸಬಾರದು ಎಂದು ಮೇಷ್ಟ್ರು ಗದರುತ್ತಾರೆ. ಆದರೆ ಜಾಜ್ ಟ್ರಂಪೆಟ್ ವಾದಕ ಡಿಜ್ಜಿ ಗಿಲ್ಲೆಸ್ಪಿ ಎರಡು ಕೆನ್ನೆಗಳನ್ನೂ ಮಳೆಗಾಲದ ಕಪ್ಪೆಯ ಗಂಟಲಿನಷ್ಟು ಉಬ್ಬಿಸಿಕೊಂಡೇ ಲೋಕವನ್ನು ಗೆಲ್ಲಲಿಲ್ಲವೇ? ಉತ್ತರ: ಗೆದ್ದರು. ಉಬ್ಬಿಸಿದ್ದರಿಂದ ಗೆದ್ದರೆಂಬುದಕ್ಕೆ ಪ್ರಮಾಣವಿಲ್ಲ. ಹೊಸಬನ ಕೆನ್ನೆ ಉಬ್ಬಿದರೆ ತುಟಿಯಂಚು ಸಡಿಲವಾಗುತ್ತದೆ, ಗಾಳಿ ಪಕ್ಕದಿಂದ ಸೋರುತ್ತದೆ, ಸ್ವರಕ್ಕಿಂತ ಮೊದಲು ಎಂಜಲು ಸಭೆಯನ್ನು ತಲುಪುತ್ತದೆ.

ಎರಡನೆಯ ಪೀಠ ಉಸಿರು. ‘ಹೊಟ್ಟೆಯಿಂದ ಊದು’ ಎಂಬುದು ಎಲ್ಲ ಮೇಷ್ಟ್ರುಗಳ ಮೂಲಮಂತ್ರ. ಗಾಳಿ ಎಂದೂ ಹೊಟ್ಟೆಗೆ ಹೋಗಿದ್ದಲ್ಲ, ಆದರೂ ಈ ಸುಳ್ಳಿನಿಂದ ಕೆಲಸ ಆಗುತ್ತದೆ. ಉಸಿರಿನ ದೆಸೆಯಿಂದ ಬರುವ ತಲೆಸುತ್ತು ಎರಡು ವಿಧ. ಟ್ರಂಪೆಟ್‌ಗೆ ಬೇಕಾದ ಗಾಳಿ ಕಡಿಮೆ, ಒತ್ತಡ ಜಾಸ್ತಿ; ಮೇಲಿನ ಸ್ವರ ಹಿಡಿದು ನಿಂತವನಿಗೆ ಎದೆಯೊಳಗಿನ ಒತ್ತಡದಿಂದಲೇ ಕಣ್ಣು ಕತ್ತಲಿಡುತ್ತದೆ. ಇದು ಒತ್ತಡಜನ್ಯ. ಟ್ಯೂಬಾಕ್ಕೆ ಒತ್ತಡ ಕಡಿಮೆ, ಗಾಳಿ ಮಾತ್ರ ಎಷ್ಟಿದ್ದರೂ ಸಾಲದು. ಅದರವನು ಗಳಿಗೆಗೊಮ್ಮೆ ಎದೆ ತುಂಬಿ ಖಾಲಿ ಮಾಡಿ, ಪುನಃ ತುಂಬಿ, ಅತಿ ಉಸಿರಾಟದಿಂದ ತೂರಾಡುತ್ತಾನೆ. ಇದು ವ್ಯಯಜನ್ಯ. ಹೊರಗಿನಿಂದ ನೋಡುವವರಿಗೆ ಎರಡಕ್ಕೂ ವ್ಯತ್ಯಾಸ ಕಾಣದು, ಇಬ್ಬರೂ ಗೋಡೆ ಹಿಡಿದುಕೊಂಡಿರುತ್ತಾರೆ. ಶಿಕಾಗೋ ಸಿಂಫನಿಯಲ್ಲಿ 1944ರಿಂದ 1988ರವರೆಗೆ ಟ್ಯೂಬಾ ಊದಿದ ಆರ್ನಾಲ್ಡ್ ಜೇಕಬ್ಸ್ ಈ ವಿಷಯದಲ್ಲಿ ದೊಡ್ಡ ಆಚಾರ್ಯ. ಸ್ನಾಯುಗಳ ಚಿಂತೆ ಬಿಡಿ, ತಲೆಯಲ್ಲಿ ಹಾಡಿರಲಿ, ಬಾಯಲ್ಲಿ ಗಾಳಿಯಿರಲಿ ಎಂಬುದು ಅವರ ಪಾಠದ ಸಾರ. ಹಿಂದೆ ಹೇಳಿದ ಕಿವಿಯ ಸಿದ್ಧಾಂತಕ್ಕೆ ಇದರಿಂದ ಬಲ ಬಂತು.

ನಾಲಗೆಯ ವಿಷಯದಲ್ಲಿ ನಮಗೆ ಅಪ್ಪಣೆಯಿಲ್ಲದೆ ಸಿಕ್ಕ ಲಾಭವೊಂದಿದೆ. ಸ್ವರಗಳನ್ನು ವೇಗವಾಗಿ ಬಿಡಿಸಿ ಊದಬೇಕಾದರೆ ನಾಲಗೆಯ ತುದಿಯನ್ನೂ ಬುಡವನ್ನೂ ಸರದಿಯಲ್ಲಿ ಹೊಡೆಯಬೇಕು. ಪ್ಯಾರಿಸ್ಸಿನ ಆರ್ಬನ್ 1864ರಲ್ಲಿ ಹೊರತಂದ, ಇಂದಿಗೂ ಎಲ್ಲರ ಸ್ಟ್ಯಾಂಡಿನ ಮೇಲಿರುವ ದಪ್ಪ ಪುಸ್ತಕದಲ್ಲಿ ಇದಕ್ಕೆ ಪುಟಗಟ್ಟಲೆ ಅಭ್ಯಾಸಗಳಿವೆ. ಮೃದಂಗದ ಮೇಷ್ಟ್ರ ಜಗಲಿಯಲ್ಲಿ ತಕ, ತಕಿಟ ಎಂದು ಒಂದು ಮಳೆಗಾಲ ಒದರಿದವನಿಗೆ ಆ ಪುಟಗಳಲ್ಲಿ ಹೊಸದೇನೂ ಸಿಗದು.

ಹಲ್ಲು. ಮೌತ್‌ಪೀಸಿನ ಹಿಂದೆ ಗೋಡೆಯಾಗಿ ನಿಲ್ಲುವುದು ಮುಂದಿನ ಹಲ್ಲುಗಳೇ. ಹದಿಹರೆಯದ ಹುಡುಗಿಗೆ ದಂತವೈದ್ಯರು ತಂತಿ ಕಟ್ಟಿದ ದಿನ ಅವಳ ಟ್ರಂಪೆಟ್ ವಿದ್ಯೆ ಸೊನ್ನೆಗೆ ಇಳಿಯುತ್ತದೆ. ಎರಡು ವರ್ಷ ಕಳೆದು ತಂತಿ ತೆಗೆದಾಗ ಮತ್ತೊಮ್ಮೆ ಇಳಿಯುತ್ತದೆ. ಜಾಜ್‌ನ ಚೆಟ್ ಬೇಕರ್ 1966ರಲ್ಲಿ ಪುಂಡರ ಹೊಡೆತಕ್ಕೆ ಸಿಕ್ಕು ಹಲ್ಲು ಹಾಳಾಗಿ, ಕಟ್ಟಿಸಿದ ಹಲ್ಲಿನೊಂದಿಗೆ ಮೊದಲಿನಿಂದ ಕಲಿಯಬೇಕಾಯಿತು. ಶಿಕಾಗೋ ಸಿಂಫನಿಯ ಟ್ರಂಪೆಟ್ ವಾದಕ ಅಡಾಲ್ಫ್ ಹರ್ಸೆತ್‌ಗೂ 1952ರ ಕಾರು ಅಪಘಾತದಲ್ಲಿ ಹಲ್ಲು ತುಟಿ ಎರಡೂ ಜಖಂ ಆದವು. ಅವರು ಮರಳಿ ಬಂದು 2001ರವರೆಗೆ ಅಲ್ಲೇ ಊದಿದರು. ನಮ್ಮ ರಸ್ತೆಗಳಲ್ಲಿ ನಡೆಯುತ್ತ ಊದುವ ಬ್ಯಾಂಡ್ ಸೆಟ್ಟಿನವರಿಗೆ ಇದಕ್ಕೆಲ್ಲ ಕಾರು ಬೇಕಿಲ್ಲ, ರೋಡ್ ಹಂಪ್ ಸಾಕು.

ಆಧಿಭೌತಿಕಕ್ಕೆ ಬರೋಣ. ಇದರಲ್ಲಿ ನೆರೆಯವರು, ಮನೆಯವರು, ನಾಯಿಗಳು, ಸರ್ಕಾರ ಮತ್ತು ಸತ್ತವರು ಎಂದು ಐದು ಒಳಪಂಗಡ. ನಾಯಿ ಟ್ರಂಪೆಟ್‌ಗೆ ಪ್ರತಿಯಾಗಿ ಊಳಿಡುವುದು ಟೀಕೆಯಲ್ಲ, ಜೊತೆಗೂಡುವ ಇಚ್ಛೆ ಎಂದು ನನ್ನ ಅಭಿಪ್ರಾಯ. ಅದನ್ನು ಇಲ್ಲಿಗೇ ಬಿಡುತ್ತೇನೆ. ಸತ್ತವರಿಂದ ಬರುವುದು ಲಿಪಿಯ ಕಷ್ಟ: ಪುಸ್ತಕದಲ್ಲಿ ‘ಸಿ’ ಎಂದು ಬರೆದದ್ದನ್ನು ಊದಿದರೆ ಪಿಯಾನೊದವರು ‘ಅದು ಬಿ ಫ್ಲಾಟ್’ ಎನ್ನುತ್ತಾರೆ, ಅದೇ ಶ್ರುತಿಯ ಟ್ರೊಂಬೋನ್‌ನವನು ಮಾತ್ರ ಬಿ ಫ್ಲಾಟ್ ಅನ್ನು ಬಿ ಫ್ಲಾಟ್ ಎಂದೇ ಓದಿಕೊಂಡು ಪಕ್ಕದಲ್ಲಿ ನಗುತ್ತಿರುತ್ತಾನೆ. ಯುರೋಪಿನ ಮಕ್ಕಳು ಇದರಿಂದ ಕಂಗಾಲಾಗುತ್ತಾರಂತೆ. ಷಡ್ಜ ಎಲ್ಲಿ ಬೇಕಾದರೂ ಕೂರಬಹುದೆಂದು ಬಲ್ಲ ನಮಗೆ ಇದು ದುಃಖವೇ ಅಲ್ಲ.

ಸರ್ಕಾರದ ಪಂಗಡ ಹಳೆಯದು. 1623ರಲ್ಲಿ ಚಕ್ರವರ್ತಿ ಎರಡನೆಯ ಫರ್ಡಿನಾಂಡ್ ಜರ್ಮನ್ ಸೀಮೆಯ ಟ್ರಂಪೆಟ್ ಮತ್ತು ನಗಾರಿಯವರ ಸಂಘಕ್ಕೆ ಸನ್ನದು ಕೊಟ್ಟ; ಸಂಘದ ಹೊರಗಿನವರು ಟ್ರಂಪೆಟ್ ಎತ್ತುವಂತಿರಲಿಲ್ಲ. ಇಂದು ಎತ್ತಬಹುದು, ರಾತ್ರಿ 10ರಿಂದ ಬೆಳಿಗ್ಗೆ 6ರ ನಡುವೆ ಮಾತ್ರ ಬೇಡ.

ನೆರೆಯವರದೇ ಇಲ್ಲಿ ಪ್ರಧಾನ ಪಂಗಡ. ಹತ್ತಿರದಿಂದ ಕೇಳಿದರೆ ಟ್ರಂಪೆಟ್‌ನ ಸದ್ದು ನೂರು ಡೆಸಿಬಲ್ ದಾಟಬಲ್ಲದು. ಮೈಸೂರು ದಸರೆಯಲ್ಲಿ ಪೊಲೀಸ್ ಬ್ಯಾಂಡಿನವರು ಅದನ್ನೇ ಊದಿದರೆ ಜನ ಜಾಗ ಹಿಡಿದು ಕೂತು ಕೇಳುತ್ತಾರೆ, ಏಕೆಂದರೆ ಅಲ್ಲಿ ಪೂರ್ತಿ ಹಾಡು ಬರುತ್ತದೆ. ಕಲಿಯುವವನ ಮನೆಯಿಂದ ಬರುವುದು ಹಾಡಿನ ಮೊದಲ ಎರಡು ಸಾಲು, ಎರಡನೆಯದರಲ್ಲಿ ಒಡೆಯುವ ಒಂದು ಸ್ವರ, ಮತ್ತೆ ಮೊದಲಿನಿಂದ. ಕೇಳುವವನಿಗೆ ಹಿಂಸೆ ಸದ್ದಿನದಲ್ಲ, ಆ ಒಡೆಯುವ ಸ್ವರಕ್ಕಾಗಿ ಕಾಯುವುದು. ವಿಚಿತ್ರವೆಂದರೆ ಅದೇ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಯಾರದೋ ದೇವರ ಮನೆಯಿಂದ ಶಂಖ ಮೊಳಗಿದರೆ ಯಾರೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆಯುವುದಿಲ್ಲ. ತುಟಿ ಅದೇ, ಭೌತಶಾಸ್ತ್ರ ಅದೇ, ಅಂಕಿಯೂ ಅದೇ 423. ಗೀತೆಯ ಮೊದಲ ಅಧ್ಯಾಯದಲ್ಲಿ ಪಾಂಚಜನ್ಯ, ದೇವದತ್ತ, ಪೌಂಡ್ರ ಎಂದು ಒಬ್ಬೊಬ್ಬರ ಶಂಖಕ್ಕೂ ಹೆಸರಿದೆ; ಅವರು ಊದಲು ಕಲಿತದ್ದು ಎಲ್ಲಿ, ಅಕ್ಕಪಕ್ಕದವರು ಏನಂದರು ಎಂಬುದನ್ನು ವ್ಯಾಸರು ಹೇಳಿಲ್ಲ. ಬೈಬಲ್ಲಿನಲ್ಲಿ ಏಳು ಪುರೋಹಿತರು ಏಳು ದಿನ ಟಗರಿನ ಕೊಂಬು ಊದಿ ಯೆರಿಕೋ ಪಟ್ಟಣದ ಗೋಡೆ ಬೀಳಿಸಿದರೆಂದಿದೆ. ಪಟ್ಟಣದ ಒಳಗಿನವರ ದೃಷ್ಟಿಯಿಂದ ಆ ಪ್ರಕರಣವನ್ನು ಇನ್ನೂ ಯಾರೂ ಬರೆದಂತಿಲ್ಲ.

ವಾದ್ಯದ ಬಾಯಿಗೆ ಮ್ಯೂಟ್ ತುರುಕಿ ಊದಿದರಾಯಿತಲ್ಲ ಎನ್ನಬಹುದು. ಸದ್ದು ತಗ್ಗುತ್ತದೆ ನಿಜ, ಅದರ ಜೊತೆಗೆ ಊದುವ ತಡೆಯೂ ಬದಲಾಗುತ್ತದೆ. ಮ್ಯೂಟಿನಲ್ಲೇ ಕಲಿತವನು ಅದನ್ನು ತೆಗೆದ ದಿನ ಬೇರೆ ಯಾರದೋ ವಾದ್ಯ ಹಿಡಿದಂತೆ ತಬ್ಬಿಬ್ಬಾಗುತ್ತಾನೆ. ಆಧಿಭೌತಿಕಕ್ಕೆ ಮದ್ದು ಮಾಡಲು ಹೋಗಿ ಆಧ್ಯಾತ್ಮಿಕ ಉಲ್ಬಣಿಸುವುದಕ್ಕೆ ಇದು ಶಾಸ್ತ್ರೀಯ ಉದಾಹರಣೆ.

ಮೂರಕ್ಕೂ ಪೂರ್ತಿ ಒಗ್ಗದ ಸಂಕೀರ್ಣ ದುಃಖಗಳು ಕೆಲವಿವೆ. ಮೌತ್‌ಪೀಸ್ ಚಪಲ ಅವುಗಳಲ್ಲೊಂದು. ತುಟಿಯ ತಪ್ಪನ್ನು ಮೌತ್‌ಪೀಸಿನ ಮೇಲೆ ಹಾಕಿ, ಇನ್ನೊಂದು, ಮತ್ತೊಂದು ಕೊಳ್ಳುತ್ತ ಹೋಗುವುದು. ಹೊಸ ಟ್ರಂಪೆಟ್ ಜೊತೆ ಸಾಮಾನ್ಯವಾಗಿ ಬರುವುದು 7ಸಿ. ವಿನ್ಸೆಂಟ್ ಬಾಕ್ ಇಟ್ಟ ಈ 7, 5, 3ರ ಪದ್ಧತಿಯಲ್ಲಿ ಅಂಕಿ ಸಣ್ಣದಾದಷ್ಟೂ ಮೌತ್‌ಪೀಸ್ ದೊಡ್ಡದು. ಇದು ಗೊತ್ತಾಗುವ ಹೊತ್ತಿಗೆ ತಪ್ಪು ದಿಕ್ಕಿನಲ್ಲಿ ಎರಡು ಬಂದು ಮನೆಯಲ್ಲಿ ಕೂತಿರುತ್ತವೆ.

ಇನ್ನೊಂದು, ಮೌತ್‌ಪೀಸ್ ವಾದ್ಯಕ್ಕೆ ಕಚ್ಚಿಕೊಳ್ಳುವುದು. ಕೂರಿಸುವಾಗ ಮೆಲ್ಲಗೆ ತಿರುಗಿಸುವ ಬದಲು ಅಂಗೈಯಿಂದ ಗುದ್ದಿದರೆ ಸಾಕು, ಆ ಮೇಲೆ ಜಪ್ಪಯ್ಯ ಎಂದರೂ ಬರುವುದಿಲ್ಲ. ಗುದ್ದಿದ್ದು ತಾನೇ ಆದ್ದರಿಂದ ಇದು ಆಧ್ಯಾತ್ಮಿಕವೆಂದು ಒಂದು ಪಂಥ. ಲೋಹ ಲೋಹವನ್ನು ಕಚ್ಚುವುದು ಸೃಷ್ಟಿನಿಯಮವಾದ್ದರಿಂದ ಆಧಿದೈವಿಕವೆಂದು ಇನ್ನೊಂದು. ಬಿಡಿಸಲೆಂದೇ ಇರುವ ಪುಲ್ಲರ್ ಎಂಬ ಸಣ್ಣ ಸಲಕರಣೆ ರಿಪೇರಿಯವರಲ್ಲಿ ಸಿಗುತ್ತದೆ; ಇಕ್ಕಳ ಹಾಕಿ ತಿರುಚಿದರೆ ಮುಂದಿನ ತೆಳು ಕೊಳವೆಯೇ ನುಲಿದುಕೊಳ್ಳುತ್ತದೆ ಎಂದು ಬಲ್ಲವರೆಲ್ಲ ಎಚ್ಚರಿಸಿದ್ದಾರೆ. ಆದರೆ ಭಾನುವಾರ ರಿಪೇರಿ ಅಂಗಡಿ ತೆರೆದಿರುವುದಿಲ್ಲ. ಒಬ್ಬನಿಂದ ಆಗದೆ ಕಲಿಯುವವನು ಬಾಗಿಲು ತೆರೆದು ಸಹಾಯ ಕೇಳುತ್ತಾನೆ. ಮೇಲಿನ ಮಹಡಿಯವರು, ಆ ತನಕ ಲಿಫ್ಟಿನಲ್ಲಿ ಮುಖ ಕೊಟ್ಟು ಮಾತನಾಡದವರು, ‘ಅದಕ್ಕೇನಂತೆ, ಕೊಡಿ ಇಲ್ಲಿ’ ಎಂದು ದೊಡ್ಡದೊಂದು ಇಕ್ಕಳ ಹಿಡಿದು ಬಹಳ ಉತ್ಸಾಹದಿಂದ ಇಳಿದು ಬರುತ್ತಾರೆ. ಇದನ್ನು ನಾನು ಆಧಿಭೌತಿಕಕ್ಕೇ ಸೇರಿಸಿದ್ದೇನೆ.